ಮಕ್ಕಳ ಕೈಗೆ ಸಿಕ್ಕಿದ್ರೆ ಏನ್ ಗತಿ? ‘ಹೌಲ್’ ಕವನದ ಗಲಾಟೆ ಇನ್ನೂ ಮುಗಿಯದೇ ಇರೋದು ಯಾಕೆ

ಅಮೆರಿಕನ್ ಕವಿ ಆಲನ್ ಗಿನ್ಸ್‌ಬರ್ಗ್ ಬರೆದ ‘ಹೌಲ್’ ಕವನದ ಬಗ್ಗೆ ಯಾರೇ ಬರೆದ್ರೂ 1955ರ ಅಕ್ಟೋಬರ್ 7ರ ರಾತ್ರಿಯಿಂದ ಶುರು ಮಾಡ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸ್ಟ್ರೀಟಲ್ಲಿ ಒಂದು ಕಾಲಕ್ಕೆ ಕಾರ್ ಗ್ಯಾರೇಜ್ ಆಗಿದ್ದ ಸಿಕ್ಸ್ ಗ್ಯಾಲರಿ, ಅವನ ಗೆಳೆಯ, ಕಾದಂಬರಿಕಾರ ಜ್ಯಾಕ್ ಕೆರೋವ್ಯಾಕ್ ಸಭಿಕರ ಹತ್ರ ಚಿಲ್ಲರೆ ಎತ್ತಿ ತಂದ ವೈನು, ಪದ್ಯದ ಮಧ್ಯೆ ಮಧ್ಯೆ ಅವನದ್ದೇ ‘ಗೋ! ಗೋ!’ ಅನ್ನೋ ಕೂಗು, 29 ವರ್ಷದ ಆಲನ್ ಗಿನ್ಸ್‌ಬರ್ಗ್ ಮೆತ್ತಗೆ ಶುರು ಮಾಡಿ ಆಮೇಲೆ ಮೈಮೇಲೆ ದೇವರು ಬಂದವನ ಹಾಗೆ ಓದಿದ್ದು. ಎಲ್ಲಾ ಸರಿ, ಸಿನಿಮಾಗೆ ಹೇಳಿ ಮಾಡಿಸಿದ ಸೀನು. ಆದ್ರೆ ಆ ರಾತ್ರಿ ಅಲ್ಲಿ ಸೇರಿದ್ದು ಒಂದು ಸಣ್ಣ ಗುಂಪು, ಹೆಚ್ಚುಕಮ್ಮಿ ಎಲ್ಲಾ ಪರಿಚಯದವರೇ. ಅವರು ಚಪ್ಪಾಳೆ ತಟ್ಟಿದ ಮಾತ್ರಕ್ಕೆ ಒಂದು ದೇಶದ ಕಾನೂನು ಅಲ್ಲಾಡಲ್ಲ.

ನನ್ನ ಲೆಕ್ಕದಲ್ಲಿ ಕಥೆ ಶುರುವಾಗೋದು ಅದಾದ ಒಂದೂವರೆ ವರ್ಷಕ್ಕೆ, ಕಸ್ಟಮ್ಸ್ ಆಫೀಸಲ್ಲಿ. ಪುಸ್ತಕ ಹಾಕಿದ್ದು ಸಿಟಿ ಲೈಟ್ಸ್ ಅನ್ನೋ ಪುಟ್ಟ ಪುಸ್ತಕದಂಗಡಿ ಕಮ್ ಪ್ರಕಾಶನದ ಲಾರೆನ್ಸ್ ಫರ್ಲಿಂಗೆಟ್ಟಿ, ಬೆಲೆ 75 ಸೆಂಟು, ಅಚ್ಚು ಹಾಕ್ಸಿದ್ದು ಮಾತ್ರ ಇಂಗ್ಲೆಂಡಲ್ಲಿ. ಹೊರಗಿಂದ ಬರೋ ಮಾಲು ಅಂದ್ಮೇಲೆ ಕಸ್ಟಮ್ಸ್ ಕಣ್ಣಿಗೆ ಬೀಳಲೇಬೇಕಲ್ಲ, 1957ರ ಮಾರ್ಚ್ 25ಕ್ಕೆ 520 ಪ್ರತಿ ಹಿಡಿದುಹಾಕಿದ್ರು. ಅಲ್ಲಿನ ಕಸ್ಟಮ್ಸ್ ಕಲೆಕ್ಟರ್ ಚೆಸ್ಟರ್ ಮ್ಯಾಕ್‌ಫೀ ಪೇಪರ್‌ನವರಿಗೆ ಹೇಳಿದ ಮಾತಿನ ಸಾರ ಇಷ್ಟು: ಪದಗಳೂ ಅಶ್ಲೀಲ, ಭಾವವೂ ಅಶ್ಲೀಲ, ನಿಮ್ಮ ಮಕ್ಕಳ ಕೈಗೆ ಇದು ಸಿಗೋದು ನಿಮಗೇ ಇಷ್ಟ ಆಗಲ್ಲ.

ಈ ಕೊನೇ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ. ಕವನ ಓದೋಕೆ ದುಡ್ಡು ಕೊಟ್ಟು ಕೊಳ್ಳೋನು ದೊಡ್ಡವನು, ಬರೆದವನು ದೊಡ್ಡವನು, ಮಾರೋನು ದೊಡ್ಡವನು, ಆದ್ರೆ ಅದನ್ನ ತೂಕ ಹಾಕೋವಾಗ ಮಾತ್ರ ಎಲ್ಲಿಂದಲೋ ಒಂದು ಮಗು ಬಂದು ತಕ್ಕಡಿ ಮುಂದೆ ಕೂತ್ಕೊಳ್ಳುತ್ತೆ. ಎಪ್ಪತ್ತು ವರ್ಷ ಆಗ್ತಾ ಬಂತು, ಆ ಮಗು ಇನ್ನೂ ಅಲ್ಲೇ ಕೂತಿದೆ. ‘ಹೌಲ್’ ಏನು ಬದಲಾಯಿಸ್ತು ಏನು ಬದಲಾಯಿಸ್ಲಿಲ್ಲ ಅನ್ನೋದನ್ನ ಈ ಒಂದು ಎಳೆ ಹಿಡ್ಕೊಂಡು ನೋಡಿದ್ರೆ ಚೆನ್ನಾಗಿ ಕಾಣುತ್ತೆ ಅನ್ನೋದು ನನ್ನ ವಾದ.

ಮೊದಲು ಕವನದಲ್ಲಿ ಏನಿದೆ ಅಂತ ನೋಡೋಣ, ಯಾಕಂದ್ರೆ ಇದರ ಬಗ್ಗೆ ಮಾತಾಡೋರಲ್ಲಿ ಅರ್ಧ ಜನ ಮೊದಲ ಸಾಲು ದಾಟಿರಲ್ಲ. ಮೂರು ಭಾಗ, ಕೊನೆಗೊಂದು ಅಡಿಟಿಪ್ಪಣಿ. ಮೊದಲ ಭಾಗ ಹೆಚ್ಚುಕಮ್ಮಿ ಒಂದೇ ವಾಕ್ಯ, ಪುಟಗಟ್ಟಲೆ ಓಡುತ್ತೆ. ನನ್ನ ತಲೆಮಾರಿನ ಒಳ್ಳೊಳ್ಳೆ ತಲೆಗಳು ಹುಚ್ಚು ಹಿಡಿದು ಹಾಳಾಗಿದ್ದು ನೋಡಿದೆ ಅಂತ ಶುರುವಾಗಿ, ಅವರು ಯಾರು, ಎಲ್ಲೆಲ್ಲಿ ಅಲೆದ್ರು, ಏನು ಕುಡಿದ್ರು, ಯಾರ ಜೊತೆ ಮಲಗಿದ್ರು, ಯಾವ ಕಿಟಕಿಯಿಂದ ಹಾರಿದ್ರು ಅಂತ ಒಂದೇ ಉಸಿರಲ್ಲಿ ಪಟ್ಟಿ. ಒಂದು ಸಾಲು ಅಂದ್ರೆ ಒಂದು ಉಸಿರು, ಅದೇ ಅವನ ಲೆಕ್ಕ. ವಾಲ್ಟ್ ವಿಟ್ಮನ್‌ನಿಂದ ಕಲಿತ ಪಾಠಕ್ಕೆ ಜಾಝ್ ಸ್ಯಾಕ್ಸೊಫೋನಿನ ಉಸಿರು ಸೇರಿಸಿದ. ಹಾಗಾಗಿ ಇದನ್ನ ಮನಸ್ಸಲ್ಲೇ ಓದಿದ್ರೆ ಅರ್ಧ ಸತ್ತೇ ಹೋಗುತ್ತೆ, ಬಾಯಿ ಬಿಟ್ಟು ಓದ್ಬೇಕು.

ಎರಡನೇ ಭಾಗ ಮೋಲಾಕ್ ಬಗ್ಗೆ. ಬೈಬಲ್‌ನಲ್ಲಿ ಬರೋ ದೇವತೆ ಇದು, ಹೆತ್ತವರು ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿ ಕೊಡ್ತಿದ್ದ ದೇವತೆ. ಗಿನ್ಸ್‌ಬರ್ಗ್ ಒಂದು ರಾತ್ರಿ ಪೆಯೋಟಿ ಅನ್ನೋ ಭ್ರಮೆ ಹುಟ್ಟಿಸೋ ಕಳ್ಳಿಗಿಡ ತಿಂದು ಸ್ಯಾನ್ ಫ್ರಾನ್ಸಿಸ್ಕೋದ ಸರ್ ಫ್ರಾನ್ಸಿಸ್ ಡ್ರೇಕ್ ಹೋಟೆಲಿನ ಕಟ್ಟಡ ನೋಡ್ತಾನೆ, ಆ ಕಟ್ಟಡದ ಮೇಲ್ಭಾಗ ಅವನಿಗೆ ಬಾಯಿ ತೆರೆದ ರಾಕ್ಷಸನ ಮುಖ ಆಗಿ ಕಾಣುತ್ತೆ. ಅಲ್ಲಿಂದ ಬಂದಿದ್ದು ಮೋಲಾಕ್. ಬ್ಯಾಂಕು, ಫ್ಯಾಕ್ಟರಿ, ಯುದ್ಧ, ಜೈಲು, ಹುಚ್ಚಾಸ್ಪತ್ರೆ ಎಲ್ಲಾ ಸೇರಿ ಆದ ಒಂದು ಹೊಟ್ಟೆ, ಅದಕ್ಕೆ ದೇಶ ತನ್ನ ಮಕ್ಕಳನ್ನ ತಿನ್ನೋಕೆ ಕೊಡ್ತಿದೆ ಅಂತ. ಮ್ಯಾಕ್‌ಫೀ ಸಾಹೇಬ್ರು ಮಕ್ಕಳಿಗೆ ಏನಾಗುತ್ತೋ ಅಂತ ಹಿಡಿದುಹಾಕಿದ ಪುಸ್ತಕದ ಒಳಗೆ ಇದ್ದಿದ್ದು ಕೂಡ ಅದೇ ಪ್ರಶ್ನೆ ನೋಡಿ, ಮಕ್ಕಳಿಗೆ ಏನಾಗ್ತಿದೆ ಅಂತ. ಉತ್ತರ ಮಾತ್ರ ಉಲ್ಟಾ. ಆದ್ರೆ ಆ ಗಲಾಟೆಯಲ್ಲಿ ಯಾರಿಗೂ ಇದು ಕಂಡ ಹಾಗಿಲ್ಲ, ಎಲ್ಲರ ಕಣ್ಣೂ ಕೆಟ್ಟ ಪದಗಳ ಮೇಲೆ. ಅದೂ ಏನು, ಫರ್ಲಿಂಗೆಟ್ಟಿ ಹುಷಾರಾಗಿ ಕೆಲವು ಪದಗಳ ಅಕ್ಷರ ತೆಗೆದು ಚುಕ್ಕಿ ಹಾಕಿದ್ದ. ಚುಕ್ಕಿ ಹಾಕಿದ ಪದಕ್ಕೇ ಅಷ್ಟು ಕೋಪ.

ಮೂರನೇ ಭಾಗ ಕಾರ್ಲ್ ಸಾಲೋಮನ್ ಅನ್ನೋ ಗೆಳೆಯನಿಗೆ. 1949ರಲ್ಲಿ ನ್ಯೂಯಾರ್ಕಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಇಬ್ಬರೂ ರೋಗಿಗಳಾಗಿ ಸಿಕ್ಕಿದ್ದು. ನಿನ್ನ ಜೊತೆ ಇದೀನಿ ಕಣೋ ಅಂತ ಮತ್ತೆ ಮತ್ತೆ ಹೇಳೋ ಭಾಗ ಇದು, ಇಡೀ ಕವನದಲ್ಲಿ ನನಗೆ ತುಂಬಾ ಇಷ್ಟ ಆಗೋದೂ ಇದೇ. ಇದರ ಹಿಂದೆ ಇನ್ನೊಬ್ಬರೂ ಇದಾರೆ, ಗಿನ್ಸ್‌ಬರ್ಗ್‌ನ ಅಮ್ಮ ನೇಯೊಮಿ. ವರ್ಷಗಟ್ಟಲೆ ಆಸ್ಪತ್ರೆ ಅಲೆದ ಹೆಂಗಸು, ಆಕೆಯ ಮಿದುಳಿಗೆ ಲೋಬಾಟಮಿ ಆಪರೇಷನ್ ಮಾಡೋಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಸ್ವತಃ ಗಿನ್ಸ್‌ಬರ್ಗ್, ಆಗ ಇಪ್ಪತ್ತೊಂದು ವರ್ಷದ ಹುಡುಗ. 1956ರಲ್ಲಿ ಆಕೆ ಸತ್ತು ಸುದ್ದಿ ಬಂದ ಮೇಲೆ ಆಕೆ ಬರೆದ ಕೊನೇ ಪತ್ರ ಕೈಸೇರ್ತು, ಮದುವೆ ಆಗು, ಡ್ರಗ್ಸ್ ತಗೋಬೇಡ ಅಂತ. ಹುಚ್ಚು ಅನ್ನೋದು ಅವನಿಗೆ ಸ್ಟೈಲ್ ಆಗಿರ್ಲಿಲ್ಲ, ಮನೆಯೊಳಗಿನ ವಿಷಯ. ಆಮೇಲೆ ಬಂದ ಎಷ್ಟೋ ನಕಲು ಕವಿಗಳಿಗೆ ಅದು ಬರೀ ಸ್ಟೈಲು.

ಈಗ ಕೇಸು. ಕಸ್ಟಮ್ಸ್‌ನವರು ಪುಸ್ತಕ ಬಿಡಲೇಬೇಕಾಯ್ತು, ಯಾಕಂದ್ರೆ ಫೆಡರಲ್ ವಕೀಲರು ಕೇಸು ನಡೆಸೋಕೆ ಒಪ್ಪಲಿಲ್ಲ. ಅಷ್ಟರಲ್ಲಿ ಫರ್ಲಿಂಗೆಟ್ಟಿ ಅಮೆರಿಕಾದಲ್ಲೇ ಇನ್ನೊಂದು ಮುದ್ರಣ ಹಾಕ್ಸಿ ಕಸ್ಟಮ್ಸ್ ವ್ಯಾಪ್ತಿಯಿಂದಲೇ ತಪ್ಪಿಸ್ಕೊಂಡಿದ್ದ. ಇನ್ನೂ ಬುದ್ಧಿವಂತಿಕೆ ಅಂದ್ರೆ, ಅಚ್ಚಿಗೆ ಕೊಡೋ ಮುಂಚೆಯೇ ಹಸ್ತಪ್ರತಿಯನ್ನ ನಾಗರಿಕ ಹಕ್ಕುಗಳ ಸಂಘಟನೆ ಎ.ಸಿ.ಎಲ್.ಯು.ಗೆ ತೋರ್ಸಿ, ಕೇಸಾದ್ರೆ ನೀವು ನಿಲ್ತೀರಾ ಅಂತ ಕೇಳಿ ಇಟ್ಕೊಂಡಿದ್ದ. ಬಂಡಾಯದ ಕಥೆಗಳಲ್ಲಿ ಈ ತರದ ಗುಮಾಸ್ತಿಕೆ ಯಾರೂ ಹೇಳಲ್ಲ, ಕವಿಯ ಜುಟ್ಟು ಗಡ್ಡ ಮಾತ್ರ ಹೇಳ್ತಾರೆ. ಆದ್ರೆ ಆ ಹಸ್ತಪ್ರತಿ ಮೊದಲೇ ವಕೀಲರ ಹತ್ರ ಹೋಗದೇ ಇದ್ದಿದ್ರೆ ಇವತ್ತು ‘ಹೌಲ್’ ಅನ್ನೋದು ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಹಳೇ ನೆನಪು ಅಷ್ಟೇ.

ಕಸ್ಟಮ್ಸ್ ಕೈಬಿಟ್ಟ ಮೇಲೆ ಊರಿನ ಪೊಲೀಸ್ ಬಂತು. ಯಾವ ವಿಭಾಗ ಗೊತ್ತಾ? ಜುವೆನೈಲ್ ಬ್ಯೂರೋ, ಅಂದ್ರೆ ಮಕ್ಕಳ ಅಪರಾಧ ನೋಡ್ಕೊಳ್ಳೋ ವಿಭಾಗ. ಮಫ್ತಿಯಲ್ಲಿ ಇಬ್ಬರು ಅಂಗಡಿಗೆ ಬಂದು ಪುಸ್ತಕ ಕೊಂಡ್ರು, ಕೌಂಟರಲ್ಲಿದ್ದ ಶಿಗೆಯೋಶಿ ಮುರಾವೊನನ್ನ ಅರೆಸ್ಟ್ ಮಾಡಿದ್ರು. ಮುರಾವೊ ಜಪಾನಿ ಮೂಲದ ಅಮೆರಿಕನ್, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನೆಲ್ಲ ಕೂಡಿಹಾಕಿದ ಕ್ಯಾಂಪಲ್ಲಿ ಹುಡುಗನಾಗಿ ಇದ್ದು ಬಂದವನು. ಸರ್ಕಾರ ಅವನನ್ನ ಹಿಡ್ಕೊಂಡು ಹೋಗಿದ್ದು ಅದು ಎರಡನೇ ಸಲ. ಬರೆದ ಗಿನ್ಸ್‌ಬರ್ಗ್ ಮೇಲೆ ಕೇಸೇ ಇಲ್ಲ, ಅವನು ಆಗ ಮೊರಾಕೊ ಯುರೋಪ್ ಅಂತ ತಿರುಗ್ತಿದ್ದ. ಅಶ್ಲೀಲತೆ ಕಾನೂನು ಎಲ್ಲಾ ಕಡೆ ಹೀಗೇ, ಮೊದಲ ಏಟು ಬೀಳೋದು ಗಲ್ಲಾಪೆಟ್ಟಿಗೆ ಮುಂದೆ ಕೂತೋನಿಗೆ. ಪುಸ್ತಕದಲ್ಲಿ ಏನಿದೆ ಅಂತ ಮುರಾವೊಗೆ ಗೊತ್ತಿತ್ತು ಅಂತ ಸಾಬೀತು ಮಾಡೋಕೆ ಆಗ್ದೆ ಅವನನ್ನ ಕೇಸಿಂದ ಬಿಟ್ರು, ಫರ್ಲಿಂಗೆಟ್ಟಿ ಒಬ್ಬನೇ ಆರೋಪಿಯಾಗಿ ಉಳಿದ.

ಜಡ್ಜ್ ಕ್ಲೇಟನ್ ಹಾರ್ನ್. ಜೂರಿ ಇಲ್ಲ, ಇವರೊಬ್ಬರದ್ದೇ ತೀರ್ಮಾನ. ಇವರು ಭಾನುವಾರ ಬೈಬಲ್ ಪಾಠ ಹೇಳೋ ಮನುಷ್ಯ, ಅದಕ್ಕೆ ಸ್ವಲ್ಪ ಮುಂಚೆ ತಾನೇ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಐದು ಹೆಂಗಸರಿಗೆ ‘ದ ಟೆನ್ ಕಮಾಂಡ್‌ಮೆಂಟ್ಸ್’ ಸಿನಿಮಾ ನೋಡಿ ಪ್ರಬಂಧ ಬರೀರಿ ಅಂತ ಶಿಕ್ಷೆ ಕೊಟ್ಟು ಪೇಪರ್‌ನವರ ಕೈಲಿ ಬೈಸ್ಕೊಂಡಿದ್ರು. ಇಂಥವರ ಮುಂದೆ ಕೇಸ್ ಬಂತು ಅಂದಾಗ ಎಲ್ಲಾ ಮುಗೀತು ಅಂದ್ಕೊಂಡಿರ್ತಾರೆ. ಡಿಫೆನ್ಸ್ ಕಡೆಯಿಂದ ಒಂಬತ್ತು ಜನ ಸಾಹಿತ್ಯ ಬಲ್ಲವರು ಸಾಕ್ಷಿ ಹೇಳಿದ್ರು. ಪ್ರಾಸಿಕ್ಯೂಟರ್ ರಾಲ್ಫ್ ಮ್ಯಾಕಿಂಟಾಶ್ ಬರ್ಕ್ಲಿಯ ಪ್ರೊಫೆಸರ್ ಮಾರ್ಕ್ ಶೋರರ್‌ಗೆ ಒಂದೊಂದೇ ಸಾಲು ತೋರ್ಸಿ ಇದರ ಅರ್ಥ ಏನ್ ಹೇಳಿ, ಇದರ ಅರ್ಥ ಏನ್ ಹೇಳಿ ಅಂತ ಬೆನ್ನು ಬಿದ್ದ, ಅದಕ್ಕೆ ಶೋರರ್, ಸ್ವಾಮಿ ಕವನನ ಗದ್ಯ ಮಾಡಿ ಹೇಳೋಕೆ ಆಗಲ್ಲ, ಅದಕ್ಕೇ ಅದು ಕವನ ಅಂದ್ರು. ಪ್ರಾಸಿಕ್ಯೂಷನ್ ಕಡೆಯಿಂದ ಸಾಹಿತ್ಯದ ಬಗ್ಗೆ ಸಾಕ್ಷಿ ಹೇಳಿದವರು ಇಬ್ಬರೇ. ಅದರಲ್ಲಿ ಒಬ್ಬ ಹೆಂಗಸು, ಇದನ್ನ ಓದಿದ್ರೆ ಚರಂಡಿಯಲ್ಲಿ ಇಳಿದು ಹೋದ ಹಾಗಾಗುತ್ತೆ ಅಂದ್ಲು. ಮೋಲಾಕ್ ಭಾಗ ಓದಿದ್ರೆ ಗಿನ್ಸ್‌ಬರ್ಗ್ ಕೂಡ ಹೌದು ಅಂತಿದ್ನೇನೋ, ಅವನು ತೋರಿಸೋಕೆ ಹೊರಟಿದ್ದೇ ಆ ಚರಂಡಿ.

ಅಕ್ಟೋಬರ್ 3, 1957. ಹಾರ್ನ್ ತೀರ್ಪು: ಅಶ್ಲೀಲ ಅಲ್ಲ. ಇಲ್ಲಿ ಸ್ವಲ್ಪ ಕಾನೂನು ಬೇಕು, ಬೇಜಾರಾಗ್ಬೇಡಿ, ಇದೇ ತಿರುಳು.

1868ರಲ್ಲಿ ಇಂಗ್ಲೆಂಡಲ್ಲಿ ಹಿಕ್ಲಿನ್ ಅಂತ ಒಂದು ಕೇಸ್ ಆಗಿತ್ತು. ಅದರ ಅಳತೆಗೋಲು ಏನಂದ್ರೆ, ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಸಿಕ್ಕಿಬೀಳೋ ಮನಸ್ಸಿನವರ ಕೈಗೆ ಈ ಪುಸ್ತಕ ಸಿಕ್ಕಿದ್ರೆ ಅವರು ಕೆಡ್ತಾರಾ? ಕೆಡ್ತಾರೆ ಅಂದ್ರೆ ಅಶ್ಲೀಲ. ಅಂದ್ರೆ ಊರಲ್ಲಿ ಅತಿ ದುರ್ಬಲ ಮನಸ್ಸಿನ ಓದುಗ ಯಾರೋ ಅವನ ಕಣ್ಣಲ್ಲಿ ಎಲ್ಲಾ ಪುಸ್ತಕನೂ ಓದ್ಬೇಕು. ಅದೂ ಪೂರ್ತಿ ಓದ್ಬೇಕಾಗಿಲ್ಲ, ಬಿಡಿಬಿಡಿ ತುಣುಕು ಸಾಕು. ಈ ಹಿಕ್ಲಿನ್ ಲೆಕ್ಕವನ್ನ ಅಮೆರಿಕಾದ ಸುಪ್ರೀಂ ಕೋರ್ಟು 1957ರ ಜೂನಲ್ಲಿ, ರಾತ್ ಅನ್ನೋ ಕೇಸಲ್ಲಿ ಎತ್ತಿ ಹಾಕ್ತು. ಸಾಮಾನ್ಯ ಮನುಷ್ಯನ ಕಣ್ಣಲ್ಲಿ ನೋಡಿ, ಈ ಕಾಲದ ಸಮಾಜದ ಮಟ್ಟದಲ್ಲಿ ನೋಡಿ, ಪುಸ್ತಕ ಇಡಿಯಾಗಿ ನೋಡಿ, ಸಮಾಜಕ್ಕೆ ಚೂರಾದ್ರೂ ಉಪಯೋಗ ಇದ್ರೆ ಅದಕ್ಕೆ ರಕ್ಷಣೆ ಇದೆ. ಮುರಾವೊ ಅರೆಸ್ಟ್ ಆಗಿ ಕೆಲವೇ ವಾರಕ್ಕೆ ಬಂದ ತೀರ್ಪು ಇದು, ಹಾರ್ನ್ ಅದನ್ನ ಬಿಸಿಬಿಸಿಯಾಗೇ ಎತ್ಕೊಂಡು ಒಂದು ಕವನಕ್ಕೆ ಹಚ್ಚಿದ್ರು. ಸಪ್ಪೆ ಸಪ್ಪೆ ನಯವಾದ ಮಾತಲ್ಲೇ ಬರೀಬೇಕು ಅಂದ್ರೆ ವಾಕ್ ಸ್ವಾತಂತ್ರ್ಯ ಎಲ್ಲಿ ಉಳಿಯುತ್ತೆ ಅಂತ ಕೇಳಿದ್ರು. ತಕ್ಕಡಿ ಮುಂದೆ ಕೂತಿದ್ದ ಮಗುವನ್ನ ಎಬ್ಬಿಸಿ ಅಲ್ಲಿ ಒಬ್ಬ ವಯಸ್ಕನನ್ನ ಕೂರಿಸಿದ ತೀರ್ಪು ಅಂತ ನಾನು ಓದ್ಕೋತೀನಿ.

ಕೆಳಗಿನ ಕೋರ್ಟಿನ ತೀರ್ಪು, ಬೇರೆ ಯಾವ ಕೋರ್ಟೂ ಇದನ್ನ ಪಾಲಿಸಬೇಕು ಅಂತೇನಿಲ್ಲ. ಆದ್ರೂ ಗಾಳಿ ಬದಲಾಯ್ತು. 1959ರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’, 1964ರಲ್ಲಿ ‘ಟ್ರಾಪಿಕ್ ಆಫ್ ಕ್ಯಾನ್ಸರ್’, 1966ರಲ್ಲಿ ‘ನೇಕೆಡ್ ಲಂಚ್’, ಈ ಕಾದಂಬರಿಗಳೂ ಒಂದೊಂದಾಗಿ ಕೋರ್ಟಲ್ಲಿ ಅಶ್ಲೀಲತೆ ಆರೋಪದಿಂದ ಬಿಡುಗಡೆ ಆದ್ವು. ಮತ್ತೆ ‘ಹೌಲ್’ ಪುಸ್ತಕ? ವಿಚಾರಣೆ ಮುಗಿಯೋ ಹೊತ್ತಿಗೆ ಹತ್ತಿರತ್ತಿರ 10,000 ಪ್ರತಿ ಅಚ್ಚಾಗಿತ್ತು, ಮುಂದೆ ಹತ್ತು ಲಕ್ಷ ದಾಟ್ತು. ಕವನ ಸಂಕಲನ ಸ್ವಾಮಿ, ಹತ್ತು ಲಕ್ಷ. ಪೊಲೀಸರಿಗೆ ಕಮಿಷನ್ ಕೊಡ್ಬೇಕಿತ್ತು.

ಇದರ ಸಾಂಸ್ಕೃತಿಕ ಪರಿಣಾಮ ಅಂತ ಬಂದಾಗ ಎರಡು ತರ ಜನ ಸಿಗ್ತಾರೆ. ಒಬ್ರು, ಅರವತ್ತರ ದಶಕ ಪೂರ್ತಿ, ಹಿಪ್ಪಿಗಳು, ಯುದ್ಧ ವಿರೋಧಿ ಚಳವಳಿ, ಸಲಿಂಗಿಗಳ ಹಕ್ಕಿನ ಹೋರಾಟ ಎಲ್ಲಾ ಈ ಕವನದಿಂದಲೇ ಹುಟ್ತು ಅಂತಾರೆ. ಇನ್ನೊಬ್ರು, ಅಯ್ಯೋ ಬಿಡಿ ಕವನದಿಂದ ಏನಾಗುತ್ತೆ ಅಂತಾರೆ. ಎರಡೂ ಒಪ್ಪೋ ಮಾತಲ್ಲ. 1955ರಲ್ಲಿ ಅಮೆರಿಕಾದ ಎಲ್ಲಾ ರಾಜ್ಯದಲ್ಲೂ ಗಂಡು ಗಂಡಿನ ದೈಹಿಕ ಸಂಬಂಧ ಅಪರಾಧ, ಮೊದಲು ಆ ಕಾನೂನು ತೆಗೆದಿದ್ದು ಇಲಿನಾಯ್, ಅದೂ 1961ರಲ್ಲಿ. ಮನೋವೈದ್ಯರ ಸಂಘ ಅದನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ. ಅಂಥಾ ಕಾಲದಲ್ಲಿ ಒಬ್ಬ ಮನುಷ್ಯ ತನ್ನ ಆಸೆಯನ್ನ ನಾಚಿಕೆ ಇಲ್ಲದೆ, ಕ್ಷಮೆ ಕೇಳ್ದೆ, ಖುಷಿಯಾಗಿ ಪುಸ್ತಕದಲ್ಲಿ ಬರೆದು ಆ ಪುಸ್ತಕ ಕೋರ್ಟಲ್ಲಿ ಗೆದ್ದು 75 ಸೆಂಟಿಗೆ ಕೈಗೆ ಸಿಗುತ್ತೆ ಅಂದ್ರೆ, ಯಾವುದೋ ಸಣ್ಣ ಊರಲ್ಲಿ ಒಬ್ಬನೇ ಕೂತಿದ್ದ ಹುಡುಗನಿಗೆ ಅದು ಏನಾಗಿರುತ್ತೆ ಅಂತ ಊಹೆ ಮಾಡಿ. ಕಾನೂನು ಬದಲಾಯಿಸಿದ್ದು ಕವನ ಅಲ್ಲ, ಹೋರಾಟಗಾರರು. ಆದ್ರೆ ಮಾತಾಡೋಕೆ ಒಂದು ದನಿ ಇದೆ ಅಂತ ತೋರ್ಸಿದ್ದು ಕವನ.

ಇನ್ನೊಂದು ಪರಿಣಾಮ ಮಾರ್ಕೆಟ್ಟಿನದ್ದು. ತೀರ್ಪು ಬಂದು ಆರು ತಿಂಗಳಿಗೆ, 1958ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಅಂಕಣಕಾರ ಹರ್ಬ್ ಕೇನ್ ಗಿನ್ಸ್‌ಬರ್ಗ್, ಕೆರೋವ್ಯಾಕ್ ಅವರ ‘ಬೀಟ್’ ಗುಂಪಿನವರಿಗೆ ‘ಬೀಟ್ನಿಕ್’ ಅಂತ ಹೆಸರಿಟ್ಟ, ರಷ್ಯಾದ ಸ್ಪುಟ್ನಿಕ್ ಉಪಗ್ರಹದ ಹೆಸರಿನ ಮೇಲೆ ಮಾಡಿದ ತಮಾಷೆ ಅದು. ಅಲ್ಲಿಂದ ಮುಂದೆ ಕಪ್ಪು ಸ್ವೆಟರು, ಗಡ್ಡ, ಬೊಂಗೋ ಡ್ರಮ್ಮು ಎಲ್ಲಾ ಫ್ಯಾಷನ್. ಮುಂದೆ ತೊಂಬತ್ತರ ದಶಕದಲ್ಲಿ ಗಿನ್ಸ್‌ಬರ್ಗ್ ಗ್ಯಾಪ್ ಕಂಪನಿಯ ಖಾಕಿ ಪ್ಯಾಂಟಿನ ಜಾಹೀರಾತಲ್ಲೇ ಕಾಣಿಸ್ಕೊಂಡ. ಅದರ ದುಡ್ಡನ್ನ ತಾನು ಪಾಠ ಮಾಡ್ತಿದ್ದ ನರೋಪಾ ಸಂಸ್ಥೆಗೆ ಕೊಟ್ಟ, ಸರಿ. ಆದ್ರೂ ಮೋಲಾಕ್‌ನ ಬಾಯಲ್ಲಿ ಬಟ್ಟೆ ಅಂಗಡಿ ಜಾಹೀರಾತು ಇರಲ್ಲ ಅಂತ ಎಲ್ಲಿ ಬರೆದಿದೆ? ಬಂಡಾಯನ ಜೈಲಿಗೆ ಹಾಕೋದಕ್ಕಿಂತ ಅಂಗಡಿಗೆ ಹಾಕೋದು ಸುಲಭ ಅಂತ ಅಮೆರಿಕಾ ಬೇಗ ಕಲೀತು. ಜೊತೆಗೆ ಇದನ್ನೂ ಹೇಳ್ಬೇಕು, ಆ ‘ಒಳ್ಳೊಳ್ಳೆ ತಲೆ’ಗಳ ಪಟ್ಟಿಯಲ್ಲಿ ಹೆಂಗಸರು ಹುಡುಕಿದ್ರೂ ಸಿಗಲ್ಲ, ಸಿಕ್ಕಿದ್ರೂ ಗಂಡಸರ ಸಾಹಸದ ಪಕ್ಕದಲ್ಲಿ ಬಂದು ಹೋಗೋ ಪಾತ್ರಗಳು. ಡಯೇನ್ ಡಿ ಪ್ರೀಮಾ ತರದ ಕವಯಿತ್ರಿಯರು ಅದೇ ಗುಂಪಲ್ಲಿದ್ದು ಬರೀತಿದ್ರು, ಅವರ ಹೆಸರು ಇವತ್ತಿಗೂ ಎರಡನೇ ಸಾಲಲ್ಲೇ ಬರುತ್ತೆ.

ಇನ್ನು ನಮ್ಮ ಕಡೆ. ಗಿನ್ಸ್‌ಬರ್ಗ್ 1962ರಲ್ಲಿ ಭಾರತಕ್ಕೆ ಬಂದು ಒಂದು ವರ್ಷಕ್ಕೂ ಮೇಲೆ ಇದ್ದ, ಕಲ್ಕತ್ತಾ, ಕಾಶಿ ಅಂತ. ಬಂಗಾಳದ ‘ಹಂಗ್ರಿ’ ಕವಿಗಳು ಇವನಿಂದ ಹುಟ್ಟಿದ್ದು ಅಂತ ಸುಮಾರು ಜನ ಬರೀತಾರೆ, ತಪ್ಪು. ಮಲಯ್ ರಾಯ್ ಚೌಧುರಿ ಮತ್ತು ಗೆಳೆಯರು ಪಟ್ನಾದಿಂದ ಮೊದಲ ಪ್ರಣಾಳಿಕೆ ತಂದಿದ್ದು 1961ರ ನವೆಂಬರಲ್ಲಿ, ಇವನು ಬರೋಕೆ ಮುಂಚೆ. ಹಸಿವು ಅವರದ್ದೇ, ದೇಶವಿಭಜನೆ ಆದ ಬಂಗಾಳದ್ದು. 1964ರ ಸೆಪ್ಟೆಂಬರಲ್ಲಿ ಮಲಯ್ ಅರೆಸ್ಟ್ ಆದ್ರು, ‘ಪ್ರಚಂಡ ವೈದ್ಯುತಿಕ್ ಛುತಾರ್’ ಅನ್ನೋ ಕವನಕ್ಕೆ ಅಶ್ಲೀಲತೆ ಕೇಸು. 1965ರ ಡಿಸೆಂಬರಲ್ಲಿ 200 ರೂಪಾಯಿ ದಂಡ, ಕಟ್ಟದಿದ್ರೆ ಒಂದು ತಿಂಗಳು ಜೈಲು. 1967ರಲ್ಲಿ ಹೈಕೋರ್ಟು ಬಿಡ್ತು. ಒಂದೇ ಗುಂಪಲ್ಲಿ ಒಟ್ಟಿಗೆ ಕೂತು ಬರೆದವರಲ್ಲೇ ಕೆಲವರು ಪೊಲೀಸ್ ಕಡೆ ಸಾಕ್ಷಿಯಾದ್ರು, ಸುನೀಲ್ ಗಂಗೋಪಾಧ್ಯಾಯ ತರದ ಕೆಲವರು ಡಿಫೆನ್ಸ್ ಕಡೆ ನಿಂತು ಹೇಳಿದ್ರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂಬತ್ತು ಜನ ಪ್ರೊಫೆಸರು ವಿಮರ್ಶಕರು ಸಾಲಾಗಿ ಬಂದು ನಿಂತಿದ್ದನ್ನ ಇದರ ಪಕ್ಕ ಇಟ್ಟು ನೋಡಿದ್ರೆ ಮಲಯ್ ಎಷ್ಟು ಒಂಟಿ ಆಗಿದ್ರು ಗೊತ್ತಾಗುತ್ತೆ.

ಕಾನೂನು ಕೂಡ ಅವರ ಕಡೆ ಇರ್ಲಿಲ್ಲ. ಮಲಯ್ ಅರೆಸ್ಟ್ ಆಗೋದಕ್ಕೆ ಹದಿನೈದೇ ದಿನ ಮುಂಚೆ, 1964ರ ಆಗಸ್ಟಲ್ಲಿ, ನಮ್ಮ ಸುಪ್ರೀಂ ಕೋರ್ಟು ರಂಜಿತ್ ಉದೇಶಿ ಅನ್ನೋ ಬೊಂಬಾಯಿ ಪುಸ್ತಕದಂಗಡಿಯವರ ಕೇಸಲ್ಲಿ ಅದೇ ಹಿಕ್ಲಿನ್ ಅಳತೆಗೋಲನ್ನ ಎತ್ತಿ ಹಿಡೀತು. ಅಲ್ಲೂ ಸಿಕ್ಕಿಬಿದ್ದಿದ್ದು ಅಂಗಡಿಯವನೇ ನೋಡಿ, ಪುಸ್ತಕ ‘ಲೇಡಿ ಚಾಟರ್ಲೀಸ್ ಲವರ್’. ಅಮೆರಿಕಾ 1957ರಲ್ಲಿ ಎಸೆದ ಕೋಲನ್ನ ನಾವು ಕೈಬಿಟ್ಟಿದ್ದು 2014ರಲ್ಲಿ, ಅವೀಕ್ ಸರ್ಕಾರ್ ಕೇಸಲ್ಲಿ. ಅದಾದ ಮರುವರ್ಷವೇ ಒಂದು ಮರಾಠಿ ಕವನ ಬಂತು ಕೋರ್ಟಿಗೆ. ವಸಂತ ಗುರ್ಜರ್ ಬರೆದ ‘ಗಾಂಧಿ ಮಲಾ ಭೇಟಲಾ’, 1994ರಲ್ಲಿ ಬ್ಯಾಂಕ್ ನೌಕರರ ಸಂಘದ ಪತ್ರಿಕೆಯಲ್ಲಿ ಬಂದಿದ್ದು. 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯವಾಗಿ ಕವಿಗೆ ಸ್ವಾತಂತ್ರ್ಯ ಇದೆ, ಆದ್ರೆ ದೇಶ ಗೌರವಿಸೋ ಚಾರಿತ್ರಿಕ ವ್ಯಕ್ತಿಯ ಬಾಯಲ್ಲಿ ಅಶ್ಲೀಲ ಮಾತು ಹಾಕಿದ್ರೆ ಅಳತೆ ಇನ್ನೂ ಬಿಗಿ ಆಗುತ್ತೆ ಅಂತು. ಕ್ಷಮೆ ಕೇಳಿದ್ದ ಪ್ರಕಾಶಕರನ್ನ ಬಿಟ್ಟು ಕವಿ ಮಾತ್ರ ವಿಚಾರಣೆ ಎದುರಿಸಲಿ ಅಂತ ಕಳಿಸ್ತು. ಬರೆದು ಇಪ್ಪತ್ತು ವರ್ಷ ಮೇಲಾದ ಕವನ. ಈ ತೀರ್ಪು ನನಗೆ ಇವತ್ತಿಗೂ ಅರಗಿಲ್ಲ, ಓದುಗ ಯಾರು ಅನ್ನೋ ಪ್ರಶ್ನೆ ಜೊತೆಗೆ ಪದ್ಯದಲ್ಲಿ ಬರೋ ವ್ಯಕ್ತಿ ಯಾರು ಅಂತ ಇನ್ನೊಂದು ತಕ್ಕಡಿ ತಂದಿಟ್ಟ ಹಾಗಾಯ್ತು.

ಅಮೆರಿಕಾದಲ್ಲಾದ್ರೂ ಮುಗೀತಾ ಅಂದ್ರೆ ಇಲ್ಲ. ಪುಸ್ತಕಕ್ಕೆ ಸಿಕ್ಕ ಸ್ವಾತಂತ್ರ್ಯ ರೇಡಿಯೋಗೆ ಸಿಗಲಿಲ್ಲ. ರೇಡಿಯೋ ಮನೆಯೊಳಗೆ ಬರುತ್ತೆ, ಮಕ್ಕಳು ಕೇಳಿಸ್ಕೋತಾರೆ ಅಂತ 1978ರಲ್ಲಿ ಸುಪ್ರೀಂ ಕೋರ್ಟು ಹೇಳ್ತು. ಗಿನ್ಸ್‌ಬರ್ಗ್ ಸಾಯೋ ಎರಡು ವರ್ಷ ಮುಂಚಿನ ತನಕ ಈ ವಿಷಯಕ್ಕೆ ಕೋರ್ಟಲ್ಲಿ ಕಾದಾಡ್ತಿದ್ದ. 1995ರಲ್ಲಿ ಇಂಥದ್ದನ್ನ ಪ್ರಸಾರ ಮಾಡೋಕೆ ಸಿಕ್ಕಿದ್ದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಒಂದು ಕಿಂಡಿ, ಮಕ್ಕಳು ಮಲಗಿರೋ ಟೈಮು. 2007ರ ಅಕ್ಟೋಬರ್ 3ಕ್ಕೆ, ಹಾರ್ನ್ ತೀರ್ಪಿಗೆ ಸರಿಯಾಗಿ ಐವತ್ತು ವರ್ಷ ಆದ ದಿನ, ನ್ಯೂಯಾರ್ಕಿನ ಡಬ್ಲ್ಯು.ಬಿ.ಎ.ಐ. ರೇಡಿಯೋ ಸ್ಟೇಷನ್ನು ‘ಹೌಲ್’ ಪ್ರಸಾರ ಮಾಡೋಕೆ ಹೆದರಿ ಇಂಟರ್ನೆಟ್ಟಲ್ಲಿ ಮಾತ್ರ ಹಾಕ್ತು. ಒಂದು ಸಲ ನಿಯಮ ಮುರಿದ್ರೆ ದಂಡ 3,25,000 ಡಾಲರ್ ತನಕ ಬೀಳಬಹುದಿತ್ತು, ಸಣ್ಣ ಸ್ಟೇಷನ್ ಎಲ್ಲಿಂದ ತರುತ್ತೆ? ನಿಷೇಧ ಅಂತ ಯಾರೂ ಹೇಳಲೇ ಇಲ್ಲ. ದಂಡದ ಲೆಕ್ಕ ಹಾಕಿ ಅವರೇ ಬಾಯಿ ಮುಚ್ಕೊಂಡ್ರು.

ಆಮೇಲೆ ಸ್ಕೂಲು. 2015ರಲ್ಲಿ ಕನೆಕ್ಟಿಕಟ್ ರಾಜ್ಯದ ಸೌತ್ ವಿಂಡ್ಸರ್‌ನಲ್ಲಿ ಹೈಸ್ಕೂಲ್ ಟೀಚರ್ ಒಬ್ರು, ವಿದ್ಯಾರ್ಥಿಯೊಬ್ಬರು ತಂದ ಗಿನ್ಸ್‌ಬರ್ಗ್‌ನ ಇನ್ನೊಂದು ಕವನ ಕ್ಲಾಸಲ್ಲಿ ಚರ್ಚೆ ಮಾಡಿದ್ದಕ್ಕೆ ಕೆಲಸ ಬಿಡ್ಬೇಕಾಯ್ತು. 2023ರಲ್ಲಿ ಫ್ಲಾರಿಡಾ ತಂದ ಕಾನೂನಲ್ಲಿ, ಪುಸ್ತಕದಲ್ಲಿ ಲೈಂಗಿಕ ವರ್ಣನೆ ಇದೆ ಅಂತ ಹೆತ್ತವರೋ ಆ ಕೌಂಟಿಯವರೋ ತಕರಾರು ತೆಗೆದ್ರೆ ಐದು ಶಾಲಾ ದಿನದೊಳಗೆ ಶಾಲೆಯ ಕಪಾಟಿಂದ ತೆಗೀಬೇಕು, ವಿಚಾರಣೆ ಆಮೇಲೆ. ಪೆನ್ ಅಮೆರಿಕಾ ಅನ್ನೋ ಲೇಖಕರ ಸಂಘಟನೆಯ ಲೆಕ್ಕದ ಪ್ರಕಾರ 2023-24ರ ಒಂದೇ ಶಾಲಾ ವರ್ಷದಲ್ಲಿ ದೇಶಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಸಲ ಪುಸ್ತಕಗಳನ್ನ ಶಾಲೆಗಳಿಂದ ತೆಗೆದಿದಾರೆ. 2025ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಲ್ಯಾನೋ ಕೌಂಟಿ ಕೇಸಲ್ಲಿ ಫೆಡರಲ್ ಅಪೀಲು ಕೋರ್ಟು, ಲೈಬ್ರರಿಯಿಂದ ಪುಸ್ತಕ ತೆಗೆದಿದ್ದನ್ನ ಓದುಗರು ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಪ್ರಶ್ನೆ ಮಾಡೋ ಹಾಗಿಲ್ಲ ಅಂತು, ಅದು ಶಾಲೆ ಕೂಡ ಅಲ್ಲ, ಊರಿನ ಸಾರ್ವಜನಿಕ ಲೈಬ್ರರಿ. ಅದೇ ವರ್ಷ ಆಗಸ್ಟಲ್ಲಿ ಫ್ಲಾರಿಡಾದ ಫೆಡರಲ್ ಜಡ್ಜ್ ಒಬ್ರು ಅಲ್ಲಿನ ಕಾನೂನಿನ ಮುಖ್ಯ ತುಂಡೊಂದನ್ನ ಸಂವಿಧಾನ ವಿರೋಧಿ ಅಂದ್ರು. ಎರಡು ದಿಕ್ಕಿಗೆ ಎರಡು ತೀರ್ಪು.

ಹೆತ್ತವರ ಆತಂಕ ಪೂರ್ತಿ ನಾಟಕ ಅಂತ ನಾನು ಹೇಳ್ತಿಲ್ಲ. ಹತ್ತು ವರ್ಷದ ಮಗುವಿಗೆ ‘ಹೌಲ್’ ಕೊಡಿ ಅಂತ ಯಾರೂ ಕೇಳ್ತಿಲ್ಲ, ನಾನೂ ಕೊಡಲ್ಲ. ನನ್ನ ತಕರಾರು ಓದೋ ರೀತಿ ಬಗ್ಗೆ. ಅಲ್ಲಿನ ಶಾಲಾ ಮಂಡಳಿ ಮೀಟಿಂಗುಗಳ ವಿಡಿಯೋ ನೋಡಿದ್ರೆ ಗೊತ್ತಾಗುತ್ತೆ, ಯಾರೋ ಒಬ್ರು ಮೈಕ್ ಹಿಡಿದು ಪುಸ್ತಕದ ಒಂದೇ ಪ್ಯಾರಾ ಜೋರಾಗಿ ಓದ್ತಾರೆ, ಸಭೆ ಛೀ ಅನ್ನುತ್ತೆ, ಪುಸ್ತಕ ಹೋಗುತ್ತೆ. ಹದಿನೇಳು ವರ್ಷದವನ ಕಪಾಟಿಂದಲೂ ಹೋಗುತ್ತೆ. ಇಡಿಯಾಗಿ ಓದಿ ಅಂತ ಹಾರ್ನ್ ಹೇಳಿದ್ದನ್ನ ದಾಟಿ ಹಿಂದಕ್ಕೆ, 1868ಕ್ಕೆ ಹೋದ ಹಾಗೆ. ಆ ವಿಡಿಯೋ ತುಣುಕು ಫೋನಿಗೆ ಬಂದ ಮೇಲಂತೂ ಇಡೀ ಪುಸ್ತಕ ಯಾರಿಗೆ ಬೇಕು.

ನಮ್ಮಲ್ಲಿ ಅಶ್ಲೀಲತೆಗಿಂತ ಈಗ ಹೆಚ್ಚು ಬಳಕೆ ಆಗ್ತಿರೋದು ‘ಭಾವನೆಗೆ ಧಕ್ಕೆ’, ‘ಸಮುದಾಯಗಳ ನಡುವೆ ದ್ವೇಷ’ ಅನ್ನೋ ಸೆಕ್ಷನ್ನುಗಳು, ಆದ್ರೆ ತಕ್ಕಡಿ ಅದೇ. 2020ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ, ದಾಖಲೆ ಕೇಳೋರನ್ನೇ ನಿನ್ನ ದಾಖಲೆ ಎಲ್ಲಿ ಅಂತ ಕೇಳೋ ಒಂದು ಕವನ ಓದಿದ್ರು, ಪೌರತ್ವ ಕಾನೂನಿನ ಗಲಾಟೆ ಜೋರಾಗಿದ್ದ ಸಮಯ. ಸರ್ಕಾರವೇ ನಡೆಸೋ ಉತ್ಸವ, ಅವರೇ ಕೊಟ್ಟ ಮೈಕು. ಕವಿ ಮೇಲೂ ಅದನ್ನ ಹಂಚಿಕೊಂಡ ಪತ್ರಕರ್ತರ ಮೇಲೂ ಕೇಸಾಗಿ ಫೆಬ್ರವರಿಯಲ್ಲಿ ಪೊಲೀಸ್ ಕಸ್ಟಡಿ, ಆಮೇಲೆ ಬೇಲು.

ಇತ್ತೀಚಿನದ್ದು ಇಮ್ರಾನ್ ಪ್ರತಾಪ್‌ಗಢಿ ಕೇಸು. ಈ ಕಾಂಗ್ರೆಸ್ ರಾಜ್ಯಸಭಾ ಸದಸ್ಯರು ಜಾಮ್‌ನಗರದ ಸಾಮೂಹಿಕ ವಿವಾಹದ ವಿಡಿಯೋಗೆ ಒಂದು ಉರ್ದು ಪದ್ಯ ಹಿನ್ನೆಲೆಗೆ ಹಾಕಿ ಎಕ್ಸ್‌ನಲ್ಲಿ ಹಂಚ್ಕೊಂಡ್ರು, 2025ರ ಜನವರಿ 3ಕ್ಕೆ ಗುಜರಾತಲ್ಲಿ ಎಫ್‌ಐಆರ್. ಮಾರ್ಚ್ 28ಕ್ಕೆ ಸುಪ್ರೀಂ ಕೋರ್ಟಿನ ಅಭಯ್ ಓಕಾ, ಉಜ್ಜಲ್ ಭುಯಾನ್ ಅವರ ಪೀಠ ಅದನ್ನ ರದ್ದು ಮಾಡ್ತು. ತೀರ್ಪಲ್ಲಿ ಎರಡು ವಿಷಯ ಇದೆ. ಮಾತಿನ ಪರಿಣಾಮವನ್ನ ಗಟ್ಟಿ ಮನಸ್ಸಿನ, ಧೈರ್ಯ ಇರೋ, ವಿವೇಕ ಇರೋ ಮನುಷ್ಯನ ಅಳತೆಯಲ್ಲಿ ನೋಡ್ಬೇಕು, ಎಲ್ಲದಕ್ಕೂ ಅಭದ್ರತೆ ಪಡೋ ದುರ್ಬಲ ಮನಸ್ಸಿನವರ ಅಳತೆಯಲ್ಲಲ್ಲ. ಹಾರ್ನ್ ಮಾಡಿದ್ದೂ ಇದೇ ಕೆಲಸ ಅಲ್ವಾ, ಬೇರೆ ದೇಶ, ಬೇರೆ ಸೆಕ್ಷನ್ನು ಅಷ್ಟೇ. ಇನ್ನೊಂದು ಪೊಲೀಸರಿಗೆ ಹೇಳಿದ್ದು: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇರೋ ಇಂಥಾ ಮಾತಿನ ಕೇಸಲ್ಲಿ ಹೊಸ ಅಪರಾಧ ಪ್ರಕ್ರಿಯೆ ಕಾನೂನು ಬಿ.ಎನ್.ಎಸ್.ಎಸ್.ನ 173(3)ರ ಪ್ರಕಾರ, ಡಿವೈಎಸ್ಪಿ ಅನುಮತಿ ತಗೊಂಡು 14 ದಿನದೊಳಗೆ ಮುಗಿಯೋ ಪ್ರಾಥಮಿಕ ವಿಚಾರಣೆ ಮಾಡಿ, ಆಮೇಲೆ ಎಫ್‌ಐಆರ್ ಬೇಕಾ ಬೇಡ್ವಾ ನೋಡಿ, ಅದಕ್ಕೂ ಮುಂಚೆ ಬರೆದಿದ್ದನ್ನ ಓದಿ, ಹೇಳಿದ್ದನ್ನ ಕೇಳಿಸ್ಕೊಳ್ಳಿ. ಆ ಪದ್ಯ ಓದಿದ್ರೆ ಅಲ್ಲಿ ಇರೋದು ಏನಂದ್ರೆ, ನಮ್ಮ ಹಕ್ಕಿನ ಹೋರಾಟಕ್ಕೆ ಅನ್ಯಾಯ ಎದುರಾದ್ರೆ ಆ ಅನ್ಯಾಯನ ಪ್ರೀತಿಯಿಂದ ಎದುರಿಸ್ತೀವಿ ಅಂತ. ಇಷ್ಟನ್ನ ಓದಿ ಹೇಳೋಕೆ ಸುಪ್ರೀಂ ಕೋರ್ಟು ಬೇಕಾಯ್ತು, ಮಧ್ಯದಲ್ಲಿ ಗುಜರಾತ್ ಹೈಕೋರ್ಟು ಒಂದ್ಸಲ ಎಫ್‌ಐಆರ್ ರದ್ದು ಮಾಡಲ್ಲ ಅಂದಿತ್ತು.